ಚಿಟ್ಟೆಗೆ ಹೆಸರು ಕೊಡುವ ಮುನ್ನ ಅದರ ಮೈ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಕೊಡಗು ಪುಟದಲ್ಲಿ ಲಂಟಾನ ಹೂವಿನ ಮೇಲೆ ಕುಳಿತ ಚಿಟ್ಟೆಯೊಂದರ ಬಣ್ಣದ ಚಿತ್ರ ಪ್ರಕಟವಾಗಿತ್ತು. ಚಿತ್ರ ಬಲು ಸೊಗಸಾಗಿತ್ತು, ತೆಗೆದವರ ತಾಳ್ಮೆಯನ್ನು ಮೆಚ್ಚಲೇಬೇಕು. ಆದರೆ ಅದರ ಕೆಳಗೆ ಅಚ್ಚಾಗಿದ್ದ ‘ಕ್ರಿಮ್ಸನ್ ರೋಸ್’ ಎಂಬ ಹೆಸರು ತಪ್ಪು. ಅದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣು. ಒಂದು ಅಡಿಬರಹದ ತಪ್ಪನ್ನು ತಿದ್ದಲು ಇಷ್ಟುದ್ದದ ಪತ್ರ ಬೇಕಿರಲಿಲ್ಲ ಎಂದು ತಮಗನ್ನಿಸಬಹುದು. ಆದರೆ ಈ ತಪ್ಪು ಬಹಳ ಮಂದಿ ಮಾಡುವಂಥದ್ದು, ನಾನೂ ಮಾಡಿದ್ದೇನೆ. ಮೊಬೈಲಿನಲ್ಲಿ ಚಿಟ್ಟೆಯ ಚಿತ್ರ ತೆಗೆದು ಹೆಸರು ಹುಡುಕುವ ಮಕ್ಕಳು ಈಗ ನಮ್ಮ ಊರುಗಳಲ್ಲಿ ಹೆಚ್ಚುತ್ತಿದ್ದಾರೆ. ಒಂದನ್ನೊಂದು ಹೋಲುವ ಚಿಟ್ಟೆಗಳನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ನನಗೆ ತಿಳಿದಷ್ಟು ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಕ್ರಿಮ್ಸನ್ ರೋಸ್ ಚಿಟ್ಟೆಯ ರೆಕ್ಕೆ ಕಪ್ಪು. ಮುಂದಿನ ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟೆಗಳಿವೆ, ಹಿಂದಿನ ರೆಕ್ಕೆಯ ಅಂಚಿನಲ್ಲಿ ಕುಂಕುಮದ ಬಣ್ಣದ ಬೊಟ್ಟುಗಳ ಸಾಲಿದೆ. ತಮ್ಮಲ್ಲಿ ಪ್ರಕಟವಾದ ಚಿತ್ರದಲ್ಲಿಯೂ ಇವೆಲ್ಲ ಇದ್ದವು, ಆದ್ದರಿಂದ ಹೆಸರು ಕೊಟ್ಟವರನ್ನು ದೂರುವಂತಿಲ್ಲ. ಅವರು ನೋಡದೆ ಬಿಟ್ಟದ್ದು ರೆಕ್ಕೆಗಳ ನಡುವೆ ಇರುವ ಮೈಯನ್ನು. ಕ್ರಿಮ್ಸನ್ ರೋಸ್‌ನ ತಲೆ ಕೆಂಪು, ಹೊಟ್ಟೆಯ ಭಾಗವೂ ಬಹುಮಟ್ಟಿಗೆ ಕೆಂಪು. ಹತ್ತು ಹೆಜ್ಜೆ ದೂರದಿಂದಲೂ ಆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಚಿತ್ರದಲ್ಲಿದ್ದ ಚಿಟ್ಟೆಯ ಮೈ ತಲೆಯಿಂದ ಬಾಲದ ತುದಿಯವರೆಗೆ ಕಪ್ಪಾಗಿತ್ತು. ಮಾರ್ಮನ್ ಹೆಣ್ಣು ರೋಸ್ ಚಿಟ್ಟೆಯ ರೆಕ್ಕೆಯನ್ನು ಅಚ್ಚೊತ್ತಿದಂತೆ ನಕಲು ಮಾಡಿದೆ, ಮೈಬಣ್ಣವನ್ನು ಮಾತ್ರ ನಕಲು ಮಾಡಿಲ್ಲ. ಇದೊಂದು ಗುರುತು ತಿಳಿದಿದ್ದರೆ ಈ ಜೋಡಿಯ ಮಟ್ಟಿಗೆ ಬೇರೆ ಪುಸ್ತಕವೇ ಬೇಡ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯ ಹಿಂದೆ ಕಿತ್ತಳೆ ಸಸಿಗಳನ್ನು ಪ್ಯಾಕೆಟ್‌ಗಳಲ್ಲಿ ಬೆಳೆಸುತ್ತಿದ್ದೆವು. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು ಒಂದು ಬೆಳಿಗ್ಗೆ ಬಂದು, “ಮೇಷ್ಟ್ರೇ, ಕಿತ್ತಳೆ ಸಸಿಗೆ ಮೊಟ್ಟೆ ಇಡೋ ಪಾತರಗಿತ್ತಿ ಬಂದಿದೆ, ಓಡಿಸಿಬಿಡ್ಲಾ?” ಎಂದು ಕೇಳಿದರು. ಹೋಗಿ ನೋಡಿದರೆ ನಾನು ಅಷ್ಟು ಕಾಲವೂ ಕ್ರಿಮ್ಸನ್ ರೋಸ್ ಎಂದು ಬರೆದುಕೊಳ್ಳುತ್ತಿದ್ದ ಚಿಟ್ಟೆಯೇ! ಎಳೆಯ ಚಿಗುರಿನ ಮುಂದೆ ರೆಕ್ಕೆ ಬಡಿಯುತ್ತ ನಿಂತು, ಹೊಟ್ಟೆಯ ತುದಿಯನ್ನು ಮುಂದಕ್ಕೆ ಬಗ್ಗಿಸಿ, ಎಲೆಯ ಅಂಚಿಗೆ ಸಾಸಿವೆ ಕಾಳಿನಷ್ಟು ಸಣ್ಣ, ತಿಳಿ ಹಳದಿಯ ಒಂದೇ ಒಂದು ಮೊಟ್ಟೆಯನ್ನು ಅಂಟಿಸಿ ಮುಂದಿನ ಸಸಿಗೆ ಹಾರಿತು. ರೋಸ್ ಜಾತಿಯ ಚಿಟ್ಟೆಗಳು ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಕುಟುಂಬದ ಗಿಡಗಳ ಮೇಲೆ. ಕಿತ್ತಳೆ, ನಿಂಬೆ, ಕರಿಬೇವುಗಳ ಗೋಜಿಗೆ ಅವು ಹೋಗುವುದಿಲ್ಲ. ಹಾಗಿದ್ದರೆ ಇದು ಯಾವುದು ಎಂದು ಬಗ್ಗಿ ನೋಡಿದಾಗ ಕಂಡದ್ದು ಆ ಕರಿ ಮೈ. ಸಸಿಯನ್ನು ಕಾಯುವವರಿಗೆ ಈ ಚಿಟ್ಟೆಯ ಹೆಸರು ಬೇಕಿರಲಿಲ್ಲ, ಅದು ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಹೆಸರು ಗೊತ್ತಿದ್ದ ನನಗೆ ಅದೇ ಗೊತ್ತಿರಲಿಲ್ಲ. ಅಂದು ಆ ಮೊಟ್ಟೆಗಳನ್ನು ಬಿಟ್ಟುಬಿಡಲು ಹೇಳಿದೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುಗಳು ಹೊರಬಂದು ಎರಡು ಸಸಿಗಳನ್ನು ಬೋಳು ಮಾಡಿದವು ಎಂಬುದನ್ನೂ ಹೇಳಬೇಕು.

ಈ ನಕಲಿನ ಹಿಂದೆ ಒಂದು ಲೆಕ್ಕಾಚಾರವಿದೆ. ರೋಸ್ ಚಿಟ್ಟೆಯ ಮರಿಹುಳು ಈಶ್ವರಿ ಬಳ್ಳಿಯ ಎಲೆಯಲ್ಲಿರುವ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಚಿಟ್ಟೆಯಾದ ಮೇಲೂ ಅದು ಹಕ್ಕಿಗಳಿಗೆ ರುಚಿಸುವುದಿಲ್ಲ. ಒಮ್ಮೆ ತಿಂದು ಉಗುಳಿದ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ವಿಷವಿಲ್ಲದ ಮಾರ್ಮನ್ ಹೆಣ್ಣು ಅದೇ ಬಣ್ಣ ತೊಟ್ಟು ಬದುಕಿಕೊಳ್ಳುತ್ತದೆ. ಇಂಥ ನಕಲನ್ನು ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ಮೊದಲು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. ಮಾರ್ಮನ್ ಹೆಣ್ಣಿನಲ್ಲಿ ಮೂರು ರೂಪಗಳಿವೆ: ಒಂದು ತನ್ನ ಗಂಡನ್ನೇ ಹೋಲುತ್ತದೆ, ಒಂದು ಕಾಮನ್ ರೋಸ್ ಅನ್ನು, ಇನ್ನೊಂದು ಕ್ರಿಮ್ಸನ್ ರೋಸ್ ಅನ್ನು. ಒಂದೇ ಗಂಡಿಗೆ ಬಗೆಬಗೆಯ ಹೆಣ್ಣುಗಳಿರುವುದರಿಂದಲೇ, ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಮಾರ್ಮನ್ ಪಂಥದ ಹೆಸರನ್ನು ಬ್ರಿಟಿಷರು ತಮಾಷೆಗೆ ಇದಕ್ಕೆ ಇಟ್ಟರು ಎನ್ನುತ್ತಾರೆ. ಒಂದೇ ತಾಯಿಯ ಮಕ್ಕಳು ಬೇರೆಬೇರೆ ರೂಪ ತಳೆಯುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್‌ನ ಹಿಡಿತದಲ್ಲಿದೆ ಎಂಬುದು 2014ರಲ್ಲಿ ಗೊತ್ತಾಯಿತು. ಆ ಸಂಶೋಧನೆಯ ಮುಂಚೂಣಿಯಲ್ಲಿದ್ದ ಕೃಷ್ಣಮೇಘ ಕುಂಟೆ ಅವರು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದವರು ಎಂಬುದು ನಮ್ಮ ರಾಜ್ಯದವರಿಗೆ ಸಂತೋಷದ ಸಂಗತಿ.

ಕೆಂಪು ಮೈ ಕಂಡಿತು, ಅದು ರೋಸ್ ಎಂದು ಖಚಿತವಾಯಿತು ಎಂದಿಟ್ಟುಕೊಳ್ಳೋಣ. ಕೊಡಗಿನಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆಯಿರುವ ಕಾಮನ್ ರೋಸ್ ಬಯಲುಸೀಮೆಯಲ್ಲೂ ಇದೆ, ನಮ್ಮಲ್ಲೂ ಇದೆ. ಅದರ ಹತ್ತಿರದ ನೆಂಟ ಮಲಬಾರ್ ರೋಸ್ ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲ. ಮಲಬಾರ್ ರೋಸ್‌ನಲ್ಲಿ ಆ ಬಿಳಿ ಮಚ್ಚೆ ಹೆಚ್ಚು ಅಗಲ. ರೆಕ್ಕೆಯ ಬುಡದಲ್ಲಿ ನರಗಳು ಸುತ್ತುವರಿದು ಮಾಡಿದ ಒಂದು ದೊಡ್ಡ ಕೋಣೆಯಿದೆಯಲ್ಲ, ಅದರೊಳಕ್ಕೂ ಬಿಳುಪು ಚೆನ್ನಾಗಿ ನುಗ್ಗಿರುತ್ತದೆ. ಮಳೆಕಾಡಿನ ಅಂಚಿನ ತೋಟಗಳಲ್ಲಿ ‘ಇದೇನು, ಎಲ್ಲರ ಮನೆಯಂಗಳದ ಕಾಮನ್ ರೋಸ್’ ಎಂದು ಹಾದುಹೋಗುವ ಮುನ್ನ ಆ ಕೋಣೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಡಗಿನ ಚಿಟ್ಟೆಗಳನ್ನು ಮೊದಲು ಕ್ರಮವಾಗಿ ಅಭ್ಯಾಸ ಮಾಡಿದವರು ಬ್ರಿಟಿಷರ ಕಾಲದವರು. ನೂರು ವರ್ಷಕ್ಕೂ ಹಿಂದೆ ಇಲ್ಲಿ ಕಮಿಷನರ್ ಆಗಿದ್ದ ಫ್ರಾಂಕ್ ಹ್ಯಾನಿಂಗ್ಟನ್ ಆಡಳಿತದ ನಡುವೆಯೇ ಚಿಟ್ಟೆಗಳ ಬೆನ್ನು ಹತ್ತಿದವರು. ಅವರ ಬಳಿಕ ಜೆ. ಎ. ಯೇಟ್ಸ್ ಕೊಡಗಿನ ಚಿಟ್ಟೆಗಳ ಪಟ್ಟಿಯನ್ನು 1930ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಂಥವರು ಬಲೆ ಹಿಡಿದು ಚಿಟ್ಟೆಯನ್ನು ಹಿಡಿದು, ಕೊಂದು, ಗುಂಡುಸೂಜಿ ಚುಚ್ಚಿ, ರೆಕ್ಕೆ ಬಿಡಿಸಿ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಹಳೆಯ ಕೈಪಿಡಿಗಳಲ್ಲಿರುವ ಗುರುತುಗಳೆಲ್ಲ ಹಾಗೆ ಕೈಯಲ್ಲಿ ಸಿಕ್ಕ ಸತ್ತ ಚಿಟ್ಟೆಯ ಗುರುತುಗಳು. ಇಂತಿಷ್ಟನೆಯ ನರ ಎಲ್ಲಿ ಕವಲೊಡೆಯುತ್ತದೆ, ಮೇಲ್ಭಾಗದ ಅಂಚಿನ ಪಟ್ಟಿ ಎಷ್ಟು ಅಗಲ ಎಂಬಂಥವು. ಕಾಫಿ ಗಿಡದ ಸಾಲಿನಲ್ಲಿ ನಿಂತವನಿಗೆ ಚಿಟ್ಟೆ ಸಿಗುವುದು ಐದಾರು ಸೆಕೆಂಡು, ಅದೂ ಒಂದೇ ಮಗ್ಗುಲಿನಿಂದ. ಅವನಿಗೆ ಬೇಕಾದ ಗುರುತುಗಳೇ ಬೇರೆ. ಜೀವಂತ ಚಿಟ್ಟೆ ಮಾತ್ರ ಕೊಡಬಲ್ಲ ಸುಳಿವುಗಳಿವೆ: ಅದರ ಹಾರಾಟದ ಗತಿ, ಕುಳಿತಾಗ ರೆಕ್ಕೆ ಮಡಿಸುತ್ತದೆಯೋ ಬಡಿಯುತ್ತಲೇ ಇರುತ್ತದೆಯೋ ಎಂಬುದು, ಎಷ್ಟು ಕಾಲುಗಳ ಮೇಲೆ ನಿಂತಿದೆ, ಯಾವ ಗಿಡದ ಸುತ್ತ ಸುಳಿಯುತ್ತಿದೆ. ಹ್ಯಾನಿಂಗ್ಟನ್ ಅವರ ಪೆಟ್ಟಿಗೆಯಲ್ಲಿದ್ದ ಚಿಟ್ಟೆ ಇವುಗಳಲ್ಲಿ ಒಂದನ್ನೂ ಹೇಳಲಾರದು. ಮೊಬೈಲಿನ ಚಿತ್ರವೂ ಅರ್ಧಂಬರ್ಧ ಹೇಳುತ್ತದೆ.

ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಗದ್ದೆಯ ಬದಿಯ ಚಿಟ್ಟೆಗಳ ಪುಟದಲ್ಲಿ ‘ಪ್ಲೇನ್ ಟೈಗರ್’ ಎಂಬ ಹೆಸರು ಹದಿನೆಂಟು ಸಲ ಬಂದಿದೆ. ಎಕ್ಕದ ಗಿಡದಲ್ಲಿ ಬೆಳೆಯುವ, ಮುಂರೆಕ್ಕೆಯ ತುದಿ ಕಪ್ಪಾಗಿ ಅಲ್ಲಿ ಬಿಳಿ ಪಟ್ಟೆಯಿರುವ, ಕಿತ್ತಳೆ ಬಣ್ಣದ ಈ ಚಿಟ್ಟೆ ಎಲ್ಲರಿಗೂ ಗೊತ್ತಿರುವಂಥದ್ದೇ, ಆದ್ದರಿಂದ ಎರಡನೆಯ ಸಲ ನೋಡುವ ಶ್ರಮ ಯಾರೂ ತೆಗೆದುಕೊಳ್ಳುವುದಿಲ್ಲ. ಆ ದಿನಗಳಲ್ಲಿ ತೆಗೆದ ಕೆಲವು ಚಿತ್ರಗಳನ್ನು ಇತ್ತೀಚೆಗೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಾಗ ಒಂದರ ಹಿಂದಿನ ರೆಕ್ಕೆಯಲ್ಲಿ, ಮೇಲಂಚಿನ ನಡುವಿಗೆ, ಒಂದೇ ಒಂದು ಕಪ್ಪು ಚುಕ್ಕೆ ಕಂಡಿತು. ಪ್ಲೇನ್ ಟೈಗರ್‌ಗೆ ಹಿಂರೆಕ್ಕೆಯ ನಡುಭಾಗದಲ್ಲಿ ಮೂರು ಚುಕ್ಕೆಗಳಿರುತ್ತವೆ, ಗಂಡಿನಲ್ಲಿ ಗಂಧದ ಚೀಲವೂ ಸೇರಿ ನಾಲ್ಕು ಕಾಣುತ್ತವೆ. ಒಂದೇ ಚುಕ್ಕೆ ಇರುವುದು ಡೇನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣಿನಲ್ಲಿ. ಮತ್ತೆ ದಿಟ್ಟಿಸಿ ನೋಡಿದರೆ ಎದೆಯ ಮೇಲೂ ಅದೇ ಕಥೆ: ಪ್ಲೇನ್ ಟೈಗರ್‌ನ ಕಪ್ಪು ಎದೆಯ ಮೇಲೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಇರಬೇಕಿತ್ತು, ಇದರ ಎದೆ ಬರೀ ಕಂದು. ಈ ಎಗ್‌ಫ್ಲೈನ ಗಂಡನ್ನು ಕಂಡರೆ ಇದೂ ಅದೂ ದಂಪತಿಗಳೆಂದು ಯಾರೂ ನಂಬಲಾರರು. ಕಡುಕಪ್ಪು ರೆಕ್ಕೆ, ಅದರ ಮೇಲೆ ನೇರಳೆ ಹೊಳಪಿನ ಅಂಚಿರುವ ದೊಡ್ಡ ಬಿಳಿ ಬೊಟ್ಟುಗಳು. ಅದರ ಮರಿಹುಳು ತಿನ್ನುವುದು ನಾವು ಸಾರಿಗೆ ಹಾಕುವ ಗೋಣಿ ಸೊಪ್ಪನ್ನು. ನನ್ನ ಹದಿನೆಂಟು ದಾಖಲೆಗಳಲ್ಲಿ ಒಂದು ಖಂಡಿತ ಸುಳ್ಳು. ಚಿತ್ರವಿಲ್ಲದ ಉಳಿದವುಗಳಲ್ಲಿ ಎಷ್ಟು ನಿಜ ಎಂದು ಈಗ ಹೇಳಲು ಬಾರದು. ಆ ಪುಟದ ಮೇಲೆ ಅಡ್ಡಗೆರೆ ಎಳೆದಿದ್ದೇನೆ.

ಹೀಗೆ ತಪ್ಪುವುದರಿಂದ ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಕ್ರಿಮ್ಸನ್ ರೋಸ್ ಮತ್ತು ಡೇನೈಡ್ ಎಗ್‌ಫ್ಲೈ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆಯಲ್ಲಿ ಬಹುಕಾಲ ಇದ್ದವು. ಇವುಗಳನ್ನು ಹೋಲುವ ಮಾರ್ಮನ್ ಹಾಗೂ ಪ್ಲೇನ್ ಟೈಗರ್ ನಮ್ಮ ಹಿತ್ತಲಿನ ತೀರ ಸಾಮಾನ್ಯ ಚಿಟ್ಟೆಗಳು. ಒಂದರ ಬದಲು ಇನ್ನೊಂದನ್ನು ಬರೆದರೆ ಕಾಡಿನ ಲೆಕ್ಕವೇ ತಿರುವುಮುರುವಾಗುತ್ತದೆ.

ಎಲ್ಲಕ್ಕಿಂತ ಕಷ್ಟ ಕೊಡುವವು ಕ್ರೋ ಚಿಟ್ಟೆಗಳು. ಕಾಗೆಯ ಹೆಸರು ಹೊತ್ತ ಈ ಕಂದುಗಪ್ಪು ಚಿಟ್ಟೆಗಳು ತುಲಾ ಸಂಕ್ರಮಣ ಕಳೆದ ಮೇಲೆ ನಮ್ಮ ತೋಟದ ಅಂಚಿನಲ್ಲಿ ಗಿಲಿಗಿಲಿ ಸದ್ದು ಮಾಡುವ ಒಣಕಾಯಿಯ ಗಿಡಗಳಿಗೆ ಜೊಂಪೆ ಜೊಂಪೆಯಾಗಿ ಜೋತುಬೀಳುತ್ತವೆ. ಕಾಮನ್ ಕ್ರೋ ಗಂಡಿಗೆ ಮುಂರೆಕ್ಕೆಯ ಮೇಲ್ಭಾಗದಲ್ಲಿ ಬರೆ ಎಳೆದಂತೆ ಒಂದು ಗುರುತು ಇರುತ್ತದೆ, ಡಬಲ್ ಬ್ರ್ಯಾಂಡೆಡ್ ಕ್ರೋ ಗಂಡಿಗೆ ಒಂದರ ಪಕ್ಕ ಒಂದು ಎರಡು ಬರೆ. ಹೆಸರೇ ಅದನ್ನು ಹೇಳುತ್ತದೆ. ಆದರೆ ಈ ಬರೆಗಳು ಕಾಣಬೇಕಾದರೆ ಚಿಟ್ಟೆ ಗಂಡಾಗಿರಬೇಕು, ರೆಕ್ಕೆ ಬಿಚ್ಚಿ ಕೂರಬೇಕು, ಬಿಸಿಲು ಸರಿಯಾಗಿ ಬೀಳಬೇಕು. ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಹಾಗಾಗಿ ಹಾರುತ್ತಿರುವ ಕ್ರೋಗೆ ಕ್ರೋ ಎಂಬ ಗುಂಪಿನ ಹೆಸರಿಗಿಂತ ಹೆಚ್ಚಿನದನ್ನು ಯಾರಾದರೂ ಹೇಳಿದರೆ ನಾನು ಅವರ ಮಾತನ್ನು ಗೌರವದಿಂದ ಕೇಳಿಕೊಂಡು ಸುಮ್ಮನಾಗುತ್ತೇನೆ.

ಕ್ರೋ ವೇಷದ ಬೇರೆ ಚಿಟ್ಟೆಗಳೂ ಇವೆ. ಕಾಮನ್ ಮೈಮ್ ಎಂಬುದು ವಾಸ್ತವದಲ್ಲಿ ಮಾರ್ಮನ್‌ನ ಕುಟುಂಬಕ್ಕೆ ಸೇರಿದ್ದು, ದಾಲ್ಚಿನ್ನಿ ಗಿಡದಲ್ಲಿ ಬೆಳೆಯುವಂಥದ್ದು. ಅದು ಒಂದು ರೂಪದಲ್ಲಿ ಕ್ರೋವನ್ನೂ ಇನ್ನೊಂದು ರೂಪದಲ್ಲಿ ಬ್ಲೂ ಟೈಗರ್ ಅನ್ನೂ ನಕಲು ಮಾಡುತ್ತದೆ. ಘಟ್ಟದ ಮಲಬಾರ್ ರೇವನ್ ಕೂಡ ಕ್ರೋವನ್ನು ಹೋಲುವಂಥದ್ದೇ. ಇಲ್ಲಿ ನನಗೆ ಸಹಾಯಕ್ಕೆ ಬಂದಿರುವುದು ಕಾಲುಗಳು. ಕ್ರೋ, ಟೈಗರ್ ಮುಂತಾದವುಗಳ ಮುಂಗಾಲುಗಳು ಮೊಟಕಾಗಿ ಎದೆಗೆ ಅಂಟಿಕೊಂಡಿರುವುದರಿಂದ ಅವು ನಿಲ್ಲುವುದು ನಾಲ್ಕೇ ಕಾಲುಗಳಲ್ಲಿ. ಮೈಮ್ ಮತ್ತು ರೇವನ್‌ಗಳು ಆರು ಕಾಲನ್ನೂ ಊರುತ್ತವೆ. ಹೂವಿನ ಮೇಲೆ ಕ್ರೋ ನೆಮ್ಮದಿಯಾಗಿ ಕುಳಿತು ಹೀರುತ್ತದೆ, ಇವು ಹೆಚ್ಚಾಗಿ ರೆಕ್ಕೆ ಅದುರಿಸುತ್ತಲೇ ಇರುತ್ತವೆ. ಮೈಮ್‌ನ ಹಿಂರೆಕ್ಕೆಯ ಅಡಿಭಾಗದ ಅಂಚಿನಲ್ಲಿ ಹಳದಿ ಬೊಟ್ಟುಗಳ ಸಾಲೂ ಇದೆ. ಅಂದಹಾಗೆ, ಈ ಮೈಮ್‌ನ ಕೋಶ ಥೇಟ್ ಮುರಿದ ಕಡ್ಡಿಯಂತಿರುತ್ತದೆ. ಸೌದೆಗೆಂದು ಮುರಿದ ದಾಲ್ಚಿನ್ನಿ ಕೊಂಬೆಯಲ್ಲಿ ಒಂದನ್ನು ಕಡ್ಡಿಯೆಂದೇ ಹಿಡಿದು ಎಳೆಯಲು ಹೋಗಿ, ಅದು ಮೆಲ್ಲನೆ ಕದಲಿದಾಗ ನಾನು ಬೆಚ್ಚಿ ಕೈ ಬಿಟ್ಟದ್ದಿದೆ.

ಮಳೆಗಾಲಕ್ಕೆ ಮೊದಲು ಘಟ್ಟದಿಂದ ಪೂರ್ವದ ಬಯಲಿನ ಕಡೆಗೂ, ಮಳೆ ಮುಗಿದ ಮೇಲೆ ಅಲ್ಲಿಂದ ಘಟ್ಟದ ಕಡೆಗೂ ಸಾವಿರಾರು ಚಿಟ್ಟೆಗಳು ವಲಸೆ ಹೋಗುವ ಸುದ್ದಿಯನ್ನು ಪತ್ರಿಕೆಗಳು ಪ್ರತಿ ವರ್ಷ ಪ್ರಕಟಿಸುತ್ತವೆ. ಈ ವರ್ಷ ಬಂದ ಒಂದು ವರದಿಯಲ್ಲಿ ಎಲ್ಲವನ್ನೂ ‘ಬ್ಲೂ ಟೈಗರ್’ ಎಂದು ಕರೆಯಲಾಗಿತ್ತು. ಆ ಗುಂಪುಗಳಲ್ಲಿ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಮೇಲೆ ಹೇಳಿದ ಎರಡೂ ಕ್ರೋಗಳು ಬೆರೆತಿರುತ್ತವೆ. ಡಾರ್ಕ್ ಬ್ಲೂ ಟೈಗರ್‌ನಲ್ಲಿ ರೆಕ್ಕೆಯ ಮೂಲಬಣ್ಣ ಹೆಚ್ಚು ಕಪ್ಪು, ತಿಳಿನೀಲಿ ಗೆರೆಗಳು ಸಪೂರ. ಬ್ಲೂ ಟೈಗರ್‌ನಲ್ಲಿ ಅದೇ ಗೆರೆಗಳು ಅಗಲ. ಗೆರೆಗಳು ನೀಲಿಗಿಂತ ಬಿಳಿ ಗಾಜಿನಂತೆ ಕಂಡರೆ ಅದು ಗ್ಲಾಸಿ ಟೈಗರ್ ಇರಬಹುದು. ಎರಡನ್ನು ಪಕ್ಕಪಕ್ಕದಲ್ಲಿ ನೋಡಿದವರಿಗೆ ಈ ವ್ಯತ್ಯಾಸ ಸುಲಭ, ಒಂದನ್ನೇ ನೋಡಿದವರಿಗೆ ಕಷ್ಟ. ಹಾರುವ ಗುಂಪನ್ನು ಎಣಿಸುವುದು ಒಂದು ಕೆಲಸ, ಅದರಲ್ಲಿ ಯಾವುದೆಷ್ಟಿದೆ ಎಂದು ತಿಳಿಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಅವು ದಣಿದು ಕೂರುವ ಗಿಡದ ಹತ್ತಿರ ಹೋಗಿ, ಕುಳಿತವುಗಳನ್ನು ಮಾತ್ರ ನೋಡಿ ಬರೆಯಬೇಕು. ಮೇಲೆ ಹೇಳಿದ ಗಿಲಿಗಿಲಿ ಕಾಯಿಯ ಆ ಒಣಗಿದ ಗಿಡಗಳನ್ನು ಗಂಡುಗಳು ಕೆರೆದು ಹೀರುವುದು ಜೇನಿಗಾಗಿಯಲ್ಲ. ಹೆಣ್ಣನ್ನು ಒಲಿಸಿಕೊಳ್ಳುವ ಗಂಧವನ್ನು ತಯಾರಿಸಲು ಬೇಕಾದ ಆಲ್ಕಲಾಯ್ಡ್ ಎಂಬ ಸಸ್ಯರಸಾಯನ ಅವುಗಳಿಗೆ ಅಲ್ಲಿ ಸಿಗುತ್ತದೆ. ಆ ಅಮಲಿನಲ್ಲಿರುವಾಗ ಅವು ಮನುಷ್ಯನನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲವಾದ್ದರಿಂದ ನೋಡುವವನಿಗೆ ಅದೇ ಸುಸಮಯ.

ಇನ್ನು ಹಳದಿ ಚಿಟ್ಟೆಗಳು. ಗ್ರಾಸ್ ಯೆಲ್ಲೋ ಎಂಬ ಪುಟ್ಟ ಹಳದಿ ಚಿಟ್ಟೆಗಳು ರಸ್ತೆ ಬದಿಯ ಒದ್ದೆ ಮಣ್ಣಿನಲ್ಲಿ ಅರಿಶಿನ ಚೆಲ್ಲಿದಂತೆ ಕೂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಅವು ಕುಳಿತಾಗ ರೆಕ್ಕೆ ಬಿಚ್ಚುವುದೇ ಇಲ್ಲವೆನ್ನಬಹುದು, ಆದ್ದರಿಂದ ಮೇಲ್ಭಾಗದ ಕಪ್ಪು ಅಂಚಿನ ಆಕಾರ ಹೇಳುವ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮಡಿಸಿದ ಮುಂರೆಕ್ಕೆಯ ಅಡಿಭಾಗದಲ್ಲಿ, ಮಲಬಾರ್ ರೋಸ್‌ನ ವಿಷಯದಲ್ಲಿ ಹೇಳಿದಂಥ ಆ ದೊಡ್ಡ ಕೋಣೆಯಲ್ಲಿರುವ ಸಣ್ಣ ಕಂದು ಗುರುತುಗಳನ್ನು ಎಣಿಸಬೇಕು: ಎರಡಿದ್ದರೆ ಕಾಮನ್, ಮೂರಿದ್ದರೆ ಥ್ರೀ ಸ್ಪಾಟ್, ಒಂದೇ ಇದ್ದರೆ ಒನ್ ಸ್ಪಾಟ್. ಹಿಂದಿನ ರೆಕ್ಕೆ ಅಡ್ಡ ಬಂದು ಆ ಭಾಗವನ್ನು ಮರೆಮಾಡಿದ್ದರೆ ಚಿಟ್ಟೆ ಮುಂರೆಕ್ಕೆಯನ್ನು ಸ್ವಲ್ಪ ಮೇಲೆತ್ತುವವರೆಗೆ ಕಾಯಬೇಕು. ಮರಿಹುಳುಗಳನ್ನು ಕಂಡವರಿಗೆ ಇನ್ನೊಂದು ದಾರಿಯಿದೆ: ಥ್ರೀ ಸ್ಪಾಟ್ ತನ್ನ ಮೊಟ್ಟೆಗಳನ್ನು ಗುಂಪಾಗಿ ಇಡುವುದರಿಂದ ಅದರ ಹುಳುಗಳು ಸಾಲಾಗಿ ಒಟ್ಟಿಗೇ ತಿನ್ನುತ್ತವೆ, ಕಾಮನ್ ಗ್ರಾಸ್ ಯೆಲ್ಲೋ ಒಂದೊಂದೇ ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತದೆ.

ಎಣಿಕೆಯೇ ಕೈಕೊಡುವ ಸಂದರ್ಭವೂ ಉಂಟು. ಕಾಫಿ ಗಿಡದ ಬುಡದ ನೆರಳಿನಲ್ಲಿ ಕುಪ್ಪಳಿಸುತ್ತ ಹಾರುವ ‘ರಿಂಗ್’ ಚಿಟ್ಟೆಗಳಿಗೆ ಹಿಂರೆಕ್ಕೆಯ ಅಡಿಯಲ್ಲಿರುವ ಕಣ್ಣಿನಂಥ ಉಂಗುರಗಳನ್ನು ಎಣಿಸಿಯೇ ಫೋರ್ ರಿಂಗ್, ಫೈವ್ ರಿಂಗ್ ಎಂದು ಹೆಸರಿಟ್ಟಿದ್ದಾರೆ. ಮಳೆಗಾಲದಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಬೇಸಿಗೆ ಬಂತೆಂದರೆ ಅದೇ ಪ್ರಭೇದದ ಮುಂದಿನ ತಲೆಮಾರಿನಲ್ಲಿ ಉಂಗುರಗಳು ಕುಗ್ಗಿ ಬರಿಯ ಚುಕ್ಕೆಗಳಾಗುತ್ತವೆ. ತರಗೆಲೆಯ ನಡುವೆ ಕುಳಿತು ಬದುಕಬೇಕಾದ ಕಾಲದಲ್ಲಿ ಎದ್ದು ಕಾಣುವ ಕಣ್ಣಿನಿಂದ ಅಪಾಯವೇ ಹೆಚ್ಚು. ಬುಷ್‌ಬ್ರೌನ್, ಈವ್ನಿಂಗ್ ಬ್ರೌನ್‌ಗಳೂ ಹೀಗೆಯೇ. ಕಕ್ಕಡದ, ಎಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ನೋಡಿದ ಚಿಟ್ಟೆಯನ್ನು ಮಾರ್ಚಿಯಲ್ಲಿ ಕಾಫಿಯ ಹೂಮಳೆಗಾಗಿ ಕಾಯುವಾಗ ನೋಡಿದರೆ ಎರಡು ಪ್ರಭೇದಗಳೆಂದೇ ಅನ್ನಿಸುತ್ತದೆ. ದಾಖಲೆಯಲ್ಲಿ ತಿಂಗಳು ಬರೆಯದಿದ್ದರೆ ಆ ದಾಖಲೆಯನ್ನು ಮುಂದೆ ಯಾರೂ ತಿದ್ದಲಾರರು.

ಹೆಸರುಗಳ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಅನ್ನು ಕೊಡಗಿನವರು ಬೇರಾವುದರ ಜೊತೆಗೂ ತಪ್ಪಾಗಿ ತಿಳಿಯುವಂತಿಲ್ಲ; ಅಂಗೈಯಗಲದ ಕಪ್ಪು ರೆಕ್ಕೆ, ಚಿನ್ನದಂಥ ಹಳದಿ. ಆದರೂ ಕೆಲವರು ಅದನ್ನು ‘ಕಾಮನ್ ಬರ್ಡ್‌ವಿಂಗ್’ ಎಂದು ಬರೆಯುವುದು ಏಕೆಂದರೆ ಹಿಂದೆ ಅದನ್ನು ಆ ಹೆಸರಿನ ಪ್ರಭೇದದ ಉಪಜಾತಿ ಎಂದೇ ಎಣಿಸಲಾಗಿತ್ತು, ಹಳೆಯ ಪುಸ್ತಕ ನೋಡಿದವರಿಗೆ ಹಾಗೆಯೇ ಸಿಗುತ್ತದೆ. ಕಣ್ಣು ಸರಿಯಾಗಿ ನೋಡಿದರೂ ಹೆಸರು ತಪ್ಪಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಇಷ್ಟು ಬರೆದ ಮೇಲೆ ತಮ್ಮಲ್ಲಿ ನನ್ನ ಕೋರಿಕೆ ಇದು. ಚಿಟ್ಟೆಯ ಚಿತ್ರ ಪ್ರಕಟಿಸುವಾಗ ಅದನ್ನು ತೆಗೆದ ಊರು ಮತ್ತು ದಿನಾಂಕವನ್ನು ಹೆಸರಿನ ಜೊತೆಗೆ ಅಚ್ಚುಹಾಕಬೇಕು. ಚಿತ್ರ ಕಳುಹಿಸುವವರು ರೆಕ್ಕೆ ಬಿಚ್ಚಿದ ಒಂದು ಚಿತ್ರಕ್ಕೆ ತೃಪ್ತರಾಗದೆ, ಸಾಧ್ಯವಾದಾಗ ಮಗ್ಗುಲಿನಿಂದ ರೆಕ್ಕೆಯ ಅಡಿಭಾಗ ಮತ್ತು ಮೈ ಕಾಣುವಂತೆ ಇನ್ನೊಂದನ್ನು ತೆಗೆಯಬೇಕು, ಕುಳಿತ ಗಿಡ ಯಾವುದೆಂದು ಗುರುತು ಹಾಕಿಕೊಳ್ಳಬೇಕು. ಬಣ್ಣವನ್ನು ಮಾತ್ರ ನಂಬಬಾರದು. ಸಿಲ್ವರ್ ಓಕ್ ನೆರಳಿನಲ್ಲಿ ತೆಗೆದ ಚಿತ್ರದ ಹಳದಿ ಒಂದು ಬಗೆಯಾದರೆ ಅದೇ ಹಳದಿ ತಮ್ಮ ಅಚ್ಚುಮನೆಯಿಂದ ಹೊರಬರುವಾಗ ಇನ್ನೊಂದು ಬಗೆಯಾಗಿರುತ್ತದೆ. ಹೆಸರು ತಿಳಿಯಲೆಂದು ಚಿಟ್ಟೆಯನ್ನು ಬೆರಳಲ್ಲಿ ಹಿಡಿಯುವುದಂತೂ ಬೇಡವೇ ಬೇಡ. ನೋಡಬೇಕಾದ ಗುರುತುಗಳೇ ಪುಡಿಯಾಗಿ ಬೆರಳಿಗೆ ಅಂಟಿಕೊಳ್ಳುತ್ತವೆ. ಇಷ್ಟಾಗಿಯೂ ಪ್ರಭೇದ ತೀರ್ಮಾನವಾಗದಿದ್ದರೆ ಕುಲದ ಹೆಸರಿಗೆ ನಿಲ್ಲಿಸುವುದರಲ್ಲಿ ಅವಮಾನವೇನಿಲ್ಲ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಮಿಕ್ಕಿ ಚಿಟ್ಟೆ ಪ್ರಭೇದಗಳಿರುವಾಗ ಪ್ರತಿಯೊಂದು ಚಿತ್ರಕ್ಕೂ ಖಚಿತವಾದ ಹೆಸರು ಸಿಗಲೇಬೇಕೆಂಬ ಹಟ ಪತ್ರಿಕೆಗೂ ಬೇಡ, ಓದುಗರಿಗೂ ಬೇಡ.

ಈ ಪತ್ರದ ಜೊತೆಗೆ ನಾನು ತೆಗೆದ ಒಂದು ಚಿತ್ರವನ್ನು ಕಳುಹಿಸುತ್ತಿದ್ದೇನೆ. ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಕಣದ ಬೇಲಿಯಲ್ಲಿ ರೆಕ್ಕೆ ಮಡಿಸಿ ಕುಳಿತ ಕ್ರೋ ಚಿಟ್ಟೆ ಅದು. ನಾಲ್ಕು ಕಾಲುಗಳು ಸ್ಪಷ್ಟವಾಗಿ ಕಾಣುತ್ತವೆ, ಎದೆಯ ಮೇಲಿನ ಬಿಳಿ ಚುಕ್ಕೆಗಳೂ ಕಾಣುತ್ತವೆ. ಬರೆ ಒಂದೋ ಎರಡೋ ಎಂದು ನೋಡಲು ಅರ್ಧ ಗಂಟೆ ಕಾದರೂ ಅದು ರೆಕ್ಕೆ ಬಿಚ್ಚಲಿಲ್ಲ, ಬಿಚ್ಚಿದಾಗ ಹಾರಿಯೇ ಹೋಯಿತು. ಪ್ರಕಟಿಸುವುದಾದರೆ ದಯವಿಟ್ಟು ‘ಕ್ರೋ ಚಿಟ್ಟೆ, ಪ್ರಭೇದ ಖಚಿತವಿಲ್ಲ, ನಾಪೋಕ್ಲು, ನವೆಂಬರ್’ ಎಂದೇ ಅಡಿಬರಹ ಹಾಕಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕ,
ನಾಪೋಕ್ಲು, ಕೊಡಗು